ಮೂಕಜೀವಿಗೆ ಹಬ್ಬದ ಕಾಣಿಕೆ

ಕಾರ ಹುಣ್ಣಿಮೆ ಸಮೀಪಿಸಿತೆಂದರೆ ಸೇಡಂ, ಚಿತ್ತಾಪುರ, ಚಿಂಚೋಳಿಯ ಸಂತೆಗಳಲ್ಲಿ ವರ್ಷದ ಉಳಿದ ದಿನಗಳಲ್ಲಿ ಕಾಣದ ಸರಕು ಕಣ್ಣಿಗೆ ಬೀಳುತ್ತದೆ. ಹಗ್ಗ, ಮೂಗುದಾರ, ಹಣೆಗೊಂಡೆ, ಗೆಜ್ಜೆಸರ, ಹಿತ್ತಾಳೆಯ ಕೊಂಬಣಸು, ಬೆನ್ನಿಗೆ ಹೊದಿಸುವ ಜೂಲು, ಕೊಂಬಿಗೆ ಬಳಿಯುವ ಬಣ್ಣ ಇವೆಲ್ಲವನ್ನೂ ನೆಲದ ಮೇಲೆ ಹರವಿಕೊಂಡು ವ್ಯಾಪಾರಿಗಳು ಕುಳಿತಿರುತ್ತಾರೆ. ಅದು ಜ್ಯೇಷ್ಠ ಮಾಸ. ತೊಗರಿ, ಹೆಸರು, ಉದ್ದುಗಳ ಬಿತ್ತನೆಯ ಕಾಲ. ಬೀಜಗೊಬ್ಬರಗಳ ವೆಚ್ಚದಿಂದ ರೈತನ ಕೈ ಬರಿದಾಗಿರುವ ಸಮಯವೂ ಅದೇ. ತನಗೊಂದು ಹೊಸ ಧೋತರ ಕೊಳ್ಳಲು ನಾಲ್ಕು ಸಲ ಯೋಚಿಸುವ ಮನುಷ್ಯನು ಆ ದಿನ ಎತ್ತಿನ ಗೊಂಡೆಯ ಮುಂದೆ ನಿಂತು ಎಷ್ಟೇ ಚೌಕಾಸಿ ಮಾಡಿದರೂ ಕೊಳ್ಳದೆ ಮನೆಗೆ ಹಿಂದಿರುಗುವುದಿಲ್ಲ.

ಈ ವೆಚ್ಚವೇಕೆ? ಎತ್ತಿಗೆ ಗೊಂಡೆಯ ಬೆಲೆ ತಿಳಿಯದು. ಹಬ್ಬವೆಂಬುದೂ ತಿಳಿಯದು. ಮನುಷ್ಯನ ಕಣ್ಣಿನಲ್ಲಿ ಬಣ್ಣಗಳನ್ನು ಗ್ರಹಿಸುವ ಕೋಶಗಳು ಮೂರು ಬಗೆಯವು. ದನಗಳ ಕಣ್ಣಿನಲ್ಲಿ ಎರಡೇ ಬಗೆಯವು ಎಂದು ಶಾಸ್ತ್ರಜ್ಞರು ಹೇಳುತ್ತಾರೆ. ಆದುದರಿಂದ ನಾವು ಆರಿಸಿ ತಂದ ಕೆಂಪು, ಹಸಿರುಗಳ ಭೇದವನ್ನು ಅದು ನಮ್ಮಂತೆ ಕಾಣಲಾರದು. ತಿಳಿಯದವನಿಗೆ, ತಿರುಗಿ ಕೊಡಲಾರದವನಿಗೆ, ಕೃತಜ್ಞತೆಯ ಒಂದು ಮಾತನ್ನೂ ಆಡಲಾರದವನಿಗೆ ಕೊಟ್ಟ ಕಾಣಿಕೆಯು ನಿಜವಾಗಿ ಯಾರಿಗೆ ಸಲ್ಲುತ್ತದೆ? ಎತ್ತಿಗೋ, ಕೊಟ್ಟವನ ಅಭಿಮಾನಕ್ಕೋ, ಅಥವಾ ಇವೆರಡನ್ನೂ ಮೀರಿದ ಇನ್ನೊಬ್ಬನಿಗೋ? ಹಬ್ಬದ ಸಡಗರದಲ್ಲಿ ಮರೆತುಹೋಗುವ ಈ ಪ್ರಶ್ನೆಯನ್ನು ಇಲ್ಲಿ ಸ್ವಲ್ಪ ವಿಚಾರಿಸೋಣ.

ಇದು ಒಕ್ಕಲುತನದವರ ಪ್ರಶ್ನೆ ಮಾತ್ರವಲ್ಲ. ವಾಡಿ, ಶಹಾಬಾದಿನ ನಮ್ಮ ಮನೆಗಳಿಂದ ಬೆಂಗಳೂರು, ಪುಣೆ, ಹೈದರಾಬಾದುಗಳಿಗೆ ಹೋಗಿ ನೆಲಸಿದ ಮಕ್ಕಳಲ್ಲಿ ಅನೇಕರು ಇಂದು ನಾಯಿ ಬೆಕ್ಕುಗಳನ್ನು ಸಾಕುತ್ತಾರೆ. ದೀಪಾವಳಿಗೆ ಅವುಗಳಿಗೂ ಹೊಸ ಅಂಗಿ, ಹೊಸ ಕೊರಳಪಟ್ಟಿ, ಬೇರೆಯದೇ ತಿಂಡಿ ಬರುತ್ತವೆ. ಪಶ್ಚಿಮದ ದೇಶಗಳಲ್ಲಿ ಕ್ರಿಸ್ಮಸ್ ದಿನ ಮನೆಯ ನಾಯಿಗೂ ಉಡುಗೊರೆ ಕಟ್ಟಿಡುವ ರೂಢಿಯಿದೆ. ಇದನ್ನು ಕಂಡ ಊರಿನ ಹಿರಿಯರು "ನಾಯಿಗೂ ದೀಪಾವಳಿಯೇ?" ಎಂದು ನಗುವುದುಂಟು. ಆದರೆ ನಮ್ಮ ನೆರೆಯ ನೇಪಾಳದಲ್ಲಿ ತಿಹಾರ್ ಹಬ್ಬದ ಒಂದು ದಿನವನ್ನು ನಾಯಿಗಳಿಗೆಂದೇ ಮೀಸಲಿಟ್ಟು, ಅವುಗಳ ಕೊರಳಿಗೆ ಹೂಮಾಲೆ ಹಾಕಿ, ಹಣೆಗೆ ತಿಲಕವಿಟ್ಟು ಉಣಿಸುತ್ತಾರೆ. ಎತ್ತಿಗೆ ಜೂಲು ಹೊದಿಸುವ ನಾವು ನಾಯಿಗೆ ಅಂಗಿ ಹೊದಿಸುವವರನ್ನು ನಗುವ ಮೊದಲು, ಎರಡರ ಮೂಲದಲ್ಲಿರುವ ಭಾವವಾವುದೆಂದು ಕೇಳಿಕೊಳ್ಳುವುದು ಲೇಸು.

ಆ ಭಾವ ಒಂದೇ ಬಗೆಯದಲ್ಲ. ಮೊದಲನೆಯದು ಪ್ರತಿಷ್ಠೆ. ಕಾರ ಹುಣ್ಣಿಮೆಯ ಸಂಜೆ ಊರ ಅಗಸಿಯಲ್ಲಿ ಬೇವಿನ ತೋರಣದ ಕರಿ ಕಟ್ಟಿ, ಎತ್ತುಗಳನ್ನು ಓಡಿಸಿ ಕರಿ ಹರಿಯುತ್ತಾರೆ. ಬಿಳಿಯ ಎತ್ತು ಮುಂದಾದರೆ ಹಿಂಗಾರಿಯ ಬಿಳಿಜೋಳ ಚೆನ್ನಾಗಿ ಬರುವುದೆಂದೂ, ಕೆಂದೆತ್ತು ಮುಂದಾದರೆ ಮುಂಗಾರಿ ಪೈರು ಹುಲುಸಾಗುವುದೆಂದೂ ನಂಬುಗೆ. ಆ ಹೊತ್ತಿಗೆ ಊರೆಲ್ಲ ನೆರೆದಿರುತ್ತದೆ. ಅಲ್ಲಿ ತನ್ನ ಎತ್ತು ನೆರೆಯವನ ಎತ್ತಿಗಿಂತ ಕಳೆಗುಂದಬಾರದೆಂಬ ಹಟವೇ ಎಷ್ಟೋ ಗೊಂಡೆಗಳನ್ನು ಕೊಳ್ಳಿಸುತ್ತದೆ. ಎರಡನೆಯದು ಮಮತೆ. ಕೊಟ್ಟಿಗೆಯಲ್ಲಿ ಹುಟ್ಟಿದ ಕರುವನ್ನು ಮನೆಯ ಮಗುವಿನೊಡನೆ ಬೆಳೆಸಿದವರು ಹಬ್ಬದ ದಿನ ಮಗುವಿಗೆ ಹೊಸ ಬಟ್ಟೆ ತೊಡಿಸಿ ಅದನ್ನು ಹಾಗೆಯೇ ಬಿಡಲಾರರು. ಮೂರನೆಯದು ಋಣದ ಅರಿವು. ವರ್ಷವಿಡೀ ನೊಗ ಹೊತ್ತ ಹೆಗಲಿಗೆ ಒಂದು ದಿನವಾದರೂ ಎಣ್ಣೆ ಹಚ್ಚಬೇಕೆಂಬ ಅರಿವು ಅದು. ಹುಣ್ಣಿಮೆಯ ಹಿಂದಿನ ದಿನ ಹೊನ್ನುಗ್ಗಿಯೆಂದು ಎತ್ತುಗಳ ಮೈ ತೊಳೆದು, ಹುಗ್ಗಿ ಮಾಡಿ ತಿನ್ನಿಸುವುದು ನಮ್ಮ ಸೀಮೆಯ ರೂಢಿ. ಹಬ್ಬದ ದಿನ ನೊಗವನ್ನು ಮುಟ್ಟುವಂತಿಲ್ಲ.

ಪ್ರತಿಷ್ಠೆ, ಮಮತೆ, ಋಣ ಇವು ಮೂರೂ ಒಂದೇ ಗೊಂಡೆಯಲ್ಲಿ ಹೆಣೆದುಕೊಂಡಿರುತ್ತವೆ. ಕೊಡುವ ದಿನ ಅವುಗಳನ್ನು ಬೇರ್ಪಡಿಸಲು ಬರುವುದಿಲ್ಲ. ಯಾವುದು ಎಷ್ಟಿತ್ತೆಂಬುದು ಹಬ್ಬ ಕಳೆದ ಮೇಲೆ ತಿಳಿಯುತ್ತದೆ. ನಮಗೆ ಅದು ತಿಳಿದ ಬಗೆಯನ್ನು, ಹೇಳಲು ಸಂಕೋಚವೆನಿಸಿದರೂ, ಇಲ್ಲಿ ಹೇಳಿಬಿಡುತ್ತೇವೆ.

ಸುಮಾರು ನಲವತ್ತು ವರ್ಷಗಳ ಹಿಂದಿನ ಮಾತು. ಸೇಡಂ ತಾಲೂಕಿನ ನಮ್ಮ ಹಳ್ಳಿಯಲ್ಲಿ ನಮ್ಮ ತಂದೆಯವರಿಗೆ ಕೆಲವು ಎಕರೆ ಕರಿಭೂಮಿಯೂ ಒಂದು ಜೋಡಿ ಎತ್ತೂ ಇದ್ದವು. ಅವುಗಳಲ್ಲಿ ಎಡಗಡೆಯದು ಹನ್ನೆರಡು ವರ್ಷ ನೊಗ ಹೊತ್ತು ಮುದಿಯಾಗಿತ್ತು. ಆ ವರ್ಷ ಕಾರ ಹುಣ್ಣಿಮೆಯನ್ನು ತಂದೆಯವರು ಎಂದಿಗಿಂತ ಜೋರಾಗಿಯೇ ಮಾಡಿದರು. ಎರಡೂ ಎತ್ತುಗಳಿಗೆ ಹೊಸ ಗೆಜ್ಜೆಸರ, ಹೊಸ ಜೂಲು. ನಾವು ಹುಡುಗರೆಲ್ಲ ಸೇರಿ ಮುದಿಯೆತ್ತಿನ ಕೊಂಬಿಗೆ ಹಸಿರು ಬಣ್ಣ ಬಳಿದಿದ್ದೆವು. ಹತ್ತು ದಿನ ಕಳೆದಿರಲಿಲ್ಲ. ಬಿತ್ತನೆಗೆ ಹಣ ಸಾಲದೆಂದು ಆ ಎತ್ತನ್ನು ಸಂತೆಗೆ ಹೊಡೆದರು. ಕೊಳ್ಳಲು ಬಂದವನು ಹೊಲ ಊಳುವವನಲ್ಲವೆಂಬುದು ಅಲ್ಲಿದ್ದ ಎಲ್ಲರಿಗೂ ತಿಳಿದಿತ್ತು. ನಮ್ಮ ಹೊಲದ ಕೆಲಸ ನೋಡಿಕೊಳ್ಳುತ್ತಿದ್ದ ಮುದುಕನೊಬ್ಬನು ಹಗ್ಗವನ್ನು ಕೈಬಿಡುವ ಮೊದಲು ತಂದೆಯವರ ಕಡೆ ತಿರುಗಿ, "ರಾಯರೇ, ಕೊಂಬಿನ ಬಣ್ಣ ಇನ್ನಾ ಮಾಸಿಲ್ರಿ. ಹಬ್ಬ ಮಾಡಿದ್ದು ಯಾರ ಸಲುವಾಗ್ರಿ?" ಎಂದ. ತಂದೆಯವರು ಉತ್ತರ ಕೊಡಲಿಲ್ಲ. ಹೊಸ ಗೆಜ್ಜೆಸರವನ್ನು ಮಾತ್ರ ಬಿಚ್ಚಿಕೊಂಡು ಮನೆಗೆ ತಂದರು.

ಅದಾಗಿ ಕೆಲವು ವಾರ ಕಳೆಯುವಷ್ಟರಲ್ಲಿ ಆಷಾಢ ಬಹುಳ ಪಂಚಮಿ ಬಂದಿತು. ಪ್ರತಿವರ್ಷದಂತೆ ಶ್ರೀಮಟ್ಟೀಕಾಕೃತ್ಪಾದರ ಆರಾಧನೆಗೆಂದು ನಾವೆಲ್ಲರೂ ಮಳಖೇಡಕ್ಕೆ ಹೋದೆವು. ಒಂದು ಕಾಲಕ್ಕೆ ಮಾನ್ಯಖೇಟವೆಂಬ ಹೆಸರಿನಿಂದ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಆ ಊರು ಮಾಧ್ವರಾದ ನಮಗೆ ಕಾಗಿಣಾ ತೀರದ ಕ್ಷೇತ್ರವೆಂದೇ ಪ್ರಿಯ. ಆ ದಿನ ಪಂಡಿತರೊಬ್ಬರು ಪ್ರವಚನದಲ್ಲಿ, ಮಾಧ್ವರ ಮನೆಯ ಮಕ್ಕಳಿಗೆಲ್ಲ ಗೊತ್ತಿರುವ ಕಥೆಯನ್ನೇ ಹೇಳಿದರು. ಶ್ರೀಮದಾಚಾರ್ಯರು ಸಂಚರಿಸುತ್ತಿದ್ದಾಗ ಅವರ ಗ್ರಂಥಗಳ ಹೊರೆಯನ್ನು ಒಂದು ಎತ್ತು ಹೊರುತ್ತಿತ್ತು. ಪಾಠ ನಡೆಯುವಾಗ ಅದು ದೂರದಲ್ಲಿ ನಿಂತು ಕಿವಿಗೊಡುತ್ತಿತ್ತು. ತಮ್ಮ ಗ್ರಂಥಗಳಿಗೆ ಟೀಕೆ ಬರೆಯುವ ಭಾಗ್ಯ ಯಾರದೆಂದು ಶಿಷ್ಯರು ಕೇಳಿದಾಗ ಆಚಾರ್ಯರು ತೋರಿಸಿದ್ದು ಆ ಎತ್ತನ್ನು. ಮುಂದೆ ಅದೇ ಜೀವವು ಧೋಂಡೋಪಂತನೆಂಬ ಸರದಾರ ಕುಮಾರನಾಗಿ ಹುಟ್ಟಿತು. ಒಂದು ದಿನ ಅವನು ಕುದುರೆಯಿಂದ ಇಳಿಯದೆಯೇ ನದಿಗೆ ಬಾಯಿಟ್ಟು ನೀರು ಕುಡಿಯುವುದನ್ನು ಶ್ರೀ ಅಕ್ಷೋಭ್ಯತೀರ್ಥರು ಕಂಡು, ಹಿಂದೆ ಪಶುವಾಗಿದ್ದೆಯಾ ಎಂಬರ್ಥದಲ್ಲಿ ಪ್ರಶ್ನಿಸಿದರು. ಪೂರ್ವಜನ್ಮದ ಸ್ಮರಣೆ ಬಂದ ಆ ಯುವಕನು ಸಂನ್ಯಾಸ ಸ್ವೀಕರಿಸಿ ಜಯತೀರ್ಥರಾದನು. 14ನೆಯ ಶತಮಾನದಲ್ಲಿ ತತ್ತ್ವಪ್ರಕಾಶಿಕೆ, ನ್ಯಾಯಸುಧಾ ಮೊದಲಾದ ಟೀಕೆಗಳು ಹೀಗೆ ನಮಗೆ ದೊರೆತವು.

ಎಷ್ಟೋ ಸಲ ಕೇಳಿದ್ದ ಆ ಕಥೆ ಆ ದಿನ ನಮಗೆ ಹೊಸದಾಗಿ ಕೇಳಿಸಿತು. ನಮ್ಮ ಪಕ್ಕದಲ್ಲಿ ಕುಳಿತಿದ್ದ ತಂದೆಯವರು ಪ್ರವಚನ ಮುಗಿಯುವವರೆಗೂ ತಲೆಯೆತ್ತಲಿಲ್ಲ. ತೀರ್ಥಪ್ರಸಾದವಾದ ಮೇಲೆ ಊರಿಗೆ ಬರುವ ದಾರಿಯಲ್ಲಿ ಒಂದೇ ಮಾತು ಹೇಳಿದರು: "ಗೆಜ್ಜೆ ಬಿಚ್ಚಿಕೊಂಡು ಬಂದದ್ದು ಎತ್ತು ಮಾರಿದ್ದಕ್ಕಿಂತ ದೊಡ್ಡ ತಪ್ಪು." ಆ ಮಾತಿನ ಅರ್ಥ ನಮಗೆ ಬಹುಕಾಲ ಹೊಳೆಯಲಿಲ್ಲ. ಮಾರಾಟಕ್ಕೆ ಬಡತನದ ಕಾರಣವಾದರೂ ಇತ್ತು. ಗೆಜ್ಜೆಯನ್ನು ಬಿಚ್ಚಿಕೊಂಡದ್ದಕ್ಕೆ ಯಾವ ಕಾರಣವೂ ಇರಲಿಲ್ಲ. ಅದು ಎತ್ತಿಗೆ ಕೊಟ್ಟದ್ದಾಗಿರಲೇ ಇಲ್ಲ, ಎತ್ತಿನ ಮೇಲೆ ಇಟ್ಟದ್ದಾಗಿತ್ತು ಎಂಬುದನ್ನು ಆ ಕೈಯೇ ಸಾರಿಬಿಟ್ಟಿತು.

ಇಲ್ಲಿ ಒಂದು ಆಕ್ಷೇಪವನ್ನು ಎತ್ತಬಹುದು. ಶ್ರೀ ಜಯತೀರ್ಥರು ದೇವಾಂಶಸಂಭೂತರು; ಗ್ರಂಥ ಹೊತ್ತ ಆ ಎತ್ತು ಸಾಮಾನ್ಯವಾದ ಎತ್ತಲ್ಲ. ಎಲ್ಲ ಎತ್ತುಗಳೂ ಮುಂದೆ ಟೀಕಾಚಾರ್ಯರಾಗುವುದಿಲ್ಲ. ಜೀವರಲ್ಲಿ ತಾರತಮ್ಯವುಂಟೆಂಬುದೇ ನಮ್ಮ ಸಿದ್ಧಾಂತವಾಗಿರುವಾಗ ಆ ಒಂದರ ಕಥೆಯಿಂದ ಕೊಟ್ಟಿಗೆಯ ಎತ್ತುಗಳ ವಿಷಯದಲ್ಲಿ ಏನು ಸಿದ್ಧವಾಗುತ್ತದೆ? ಆಕ್ಷೇಪ ಯುಕ್ತವೇ. ಆದರೆ ಜೊತೆಯಲ್ಲಿ ನಡೆಯುತ್ತಿದ್ದ ಶಿಷ್ಯರೂ ಆ ಎತ್ತಿನ ಯೋಗ್ಯತೆಯನ್ನು ಅರಿಯಲಾರದೆ ಹೋದರೆಂಬುದನ್ನು ಮರೆಯಬಾರದು. ಶರೀರವನ್ನು ನೋಡಿ ಒಳಗಿನ ಜೀವದ ಸ್ವರೂಪವನ್ನು ಅಳೆಯುವ ಶಕ್ತಿ ನಮಗಿಲ್ಲ. ಅಷ್ಟನ್ನು ಒಪ್ಪಿದರೂ ಸಾಕು, ಕೊಟ್ಟಿಗೆಯ ಕಡೆಗಿನ ನಮ್ಮ ನಡೆ ಬದಲಾಗಲೇಬೇಕು.

ಸಿದ್ಧಾಂತದ ಮಾತನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ಯೋಣ. ಪಂಚಭೇದಗಳಲ್ಲಿ ಜೀವಜಡಭೇದವೂ ಒಂದು. ಎತ್ತು ಜೀವ, ಟ್ರ್ಯಾಕ್ಟರು ಜಡ. ಆಯುಧಪೂಜೆಯ ದಿನ ಟ್ರ್ಯಾಕ್ಟರಿಗೂ ಹೂಮಾಲೆ ಹಾಕುತ್ತೇವೆ. ಮರುದಿನ ಅದನ್ನು ಮಾರಿದರೆ ಅದಕ್ಕೆ ನೋವಿಲ್ಲ. ಎತ್ತಿಗೆ ಸುಖದುಃಖಗಳುಂಟು, ಭಯವುಂಟು, ರೂಢಿಯಾದ ಕೈಯ ಗುರುತುಂಟು. ಕಾರ ಹುಣ್ಣಿಮೆಯ ಹದಿನೈದು ದಿನಗಳ ತರುವಾಯ ಬರುವ ಮಣ್ಣೆತ್ತಿನ ಅಮಾವಾಸ್ಯೆಯಂದು ನಮ್ಮ ಮನೆಯ ಮಕ್ಕಳು ಮಣ್ಣಿನ ಎತ್ತುಗಳನ್ನು ಮಾಡಿ ಪೂಜಿಸುತ್ತಾರೆ. ಮಣ್ಣಿನ ಎತ್ತಿಗೆ ತೋರಿಸಿದ ನೈವೇದ್ಯವು ಕೊಟ್ಟಿಗೆಯಲ್ಲಿ ಹಸಿದು ನಿಂತ ಎತ್ತಿನ ಪಾಲನ್ನು ತಪ್ಪಿಸುವಂತಿರಬಾರದು. ಭಾಗವತದ ಮೂರನೆಯ ಸ್ಕಂಧದಲ್ಲಿ ಕಪಿಲರೂಪಿಯಾದ ಭಗವಂತನು ತಾಯಿ ದೇವಹೂತಿಗೆ ಈ ಮಾತನ್ನೇ ಉಪದೇಶಿಸಿದ್ದಾನೆ: ಸಕಲ ಭೂತಗಳಲ್ಲಿ ನೆಲಸಿರುವ ತನ್ನನ್ನು ಕಡೆಗಣಿಸಿ ಕೇವಲ ಪ್ರತಿಮೆಯನ್ನು ಪೂಜಿಸುವವನು ಬೂದಿಯಲ್ಲಿ ಹೋಮ ಮಾಡಿದಂತೆ. ಗೀತೆಯು ಬ್ರಾಹ್ಮಣ, ಗೋವು, ಆನೆ, ನಾಯಿಗಳಲ್ಲಿ ಪಂಡಿತರು ಸಮವನ್ನು ಕಾಣುವರೆಂದು ಹೇಳಿದಾಗ, ಸಮನೆನಿಸಿಕೊಳ್ಳುವವನು ಅವುಗಳಲ್ಲಿರುವ ದೋಷರಹಿತನಾದ ಶ್ರೀಹರಿಯೇ ಹೊರತು ಆ ಜೀವರೆಲ್ಲ ಒಂದೇ ಎಂದಲ್ಲ. ಎತ್ತು ಎತ್ತೇ, ನಾಯಿ ನಾಯಿಯೇ. ಒಳಗಿರುವ ಅಂತರ್ಯಾಮಿಯಲ್ಲಿ ಮಾತ್ರ ಹೆಚ್ಚುಕಡಿಮೆಯಿಲ್ಲ.

ಈಗ ಮೊದಲಿನ ಪ್ರಶ್ನೆಗೆ ಬರೋಣ. ತಿಳಿಯದವನಿಗೆ ಕೊಟ್ಟದ್ದು ವ್ಯರ್ಥವೇ? ಗೀತೆಯ ಹದಿನೇಳನೆಯ ಅಧ್ಯಾಯದಲ್ಲಿ ದಾನವನ್ನು ಮೂರು ಬಗೆಯಾಗಿ ವಿಂಗಡಿಸಿ, ಪ್ರತ್ಯುಪಕಾರದ ಆಸೆಯಿಲ್ಲದೆ ಕೊಟ್ಟದ್ದನ್ನು ಸಾತ್ತ್ವಿಕವೆಂದೂ, ಪ್ರತಿಫಲವನ್ನು ಬಯಸಿ ಕೊಟ್ಟದ್ದನ್ನು ರಾಜಸವೆಂದೂ, ಅವಜ್ಞೆಯಿಂದ ಕೊಟ್ಟದ್ದನ್ನು ತಾಮಸವೆಂದೂ ಹೇಳಿದೆ. ಮನುಷ್ಯರಿಗೆ ಕೊಡುವಾಗ ಒಂದು ನಮಸ್ಕಾರದ, ಒಂದು ಒಳ್ಳೆಯ ಮಾತಿನ ಆಸೆಯಾದರೂ ಮನಸ್ಸಿನ ಮೂಲೆಯಲ್ಲಿ ಉಳಿದೇ ಇರುತ್ತದೆ. ಎತ್ತಿಗೆ ಕೊಡುವಾಗ ಆ ಆಸೆಗೆ ಅವಕಾಶವೇ ಇಲ್ಲ. ಆದುದರಿಂದ ಮೂಕಜೀವಿಗೆ ಕೊಡುವ ಕಾಣಿಕೆಯು ಅತ್ಯಂತ ಶುದ್ಧವಾಗಬಲ್ಲದು. ಆದರೆ ಅದೇ ಕಾರಣದಿಂದ ಅತ್ಯಂತ ಸುಲಭವಾಗಿ ಕೆಡಲೂಬಲ್ಲದು. ಕೊಟ್ಟದ್ದು ತನಗೆ ಹಿತವಾಯಿತೋ ಇಲ್ಲವೋ ಎಂಬುದನ್ನು ಎತ್ತು ಬಾಯಿಬಿಟ್ಟು ಹೇಳಲಾರದು. ಬಿಚ್ಚಿಕೊಂಡರೂ ದೂರಲಾರದು. ಅಲ್ಲಿ ಸಾಕ್ಷಿಯಾಗಿರುವವನು ಅದರ ಅಂತರ್ಯಾಮಿಯೊಬ್ಬನೇ.

ಹಾಗಾದರೆ ಹೇಗೆ ಕೊಡಬೇಕು? ಇದಕ್ಕೂ ಭಾಗವತದಲ್ಲಿಯೇ ದಾರಿಯಿದೆ. ಹತ್ತನೆಯ ಸ್ಕಂಧದಲ್ಲಿ ಶ್ರೀಕೃಷ್ಣನ ಜನನೋತ್ಸವದ ದಿನ ನಂದಗೋಕುಲದ ಆಕಳು, ಎತ್ತು, ಕರುಗಳಿಗೆ ಅರಿಸಿನ ಎಣ್ಣೆ ಪೂಸಿ, ನವಿಲುಗರಿ, ಹೂಮಾಲೆ, ವಸ್ತ್ರ, ಚಿನ್ನದ ಸರಗಳಿಂದ ಸಿಂಗರಿಸಿದರೆಂಬ ವರ್ಣನೆಯಿದೆ. ನಮ್ಮ ಕಾರ ಹುಣ್ಣಿಮೆಯ ಜೂಲು ಗೊಂಡೆಗಳು ಇಂದಿನ ಬೆಡಗಲ್ಲವೆಂಬುದಕ್ಕೆ ಇದೊಂದೇ ಸಾಕು. ಮುಂದೆ ಗೋವರ್ಧನ ಪೂಜೆಯ ಪ್ರಸಂಗದಲ್ಲಿ ಬಾಲಕೃಷ್ಣನು ಇಂದ್ರಯಾಗಕ್ಕೆಂದು ಕೂಡಿಸಿದ ಸಾಮಗ್ರಿಯನ್ನು ಹಂಚುವ ಬಗೆಯನ್ನು ಹೇಳುವಾಗ, ದನಗಳಿಗೆ ಹುಲ್ಲನ್ನೂ, ನಾಯಿಗಳೇ ಮೊದಲಾದ ಎಲ್ಲರಿಗೂ ಅವರವರಿಗೆ ತಕ್ಕಂತೆ ಅನ್ನವನ್ನೂ ಕೊಡಬೇಕೆನ್ನುತ್ತಾನೆ. ಅಂದಮೇಲೆ ನಾಯಿಗೂ ಹಬ್ಬವುಂಟು. ಆದರೆ ಆ ಮಾತಿನ ಹುರುಳಿರುವುದು 'ತಕ್ಕಂತೆ' ಎಂಬುದರಲ್ಲಿ. ಕೊಡುವವನಿಗೆ ತಕ್ಕಂತೆ ಅಲ್ಲ, ಪಡೆಯುವವನಿಗೆ ತಕ್ಕಂತೆ. ತಾರತಮ್ಯವನ್ನು ಒಪ್ಪಿದವರಿಗೆ ಇದು ಸಹಜವಾಗಿಯೇ ಒಪ್ಪಿಗೆಯಾಗಬೇಕು. ತಾರತಮ್ಯವೆಂದರೆ ಕೀಳೆಂದು ಕಡೆಗಣಿಸುವುದಲ್ಲ. ಪ್ರತಿಯೊಂದು ಜೀವಕ್ಕೂ ತನ್ನದೇ ಆದ ಯೋಗ್ಯತೆ, ತನ್ನದೇ ಆದ ಹಿತವುಂಟೆಂದು ಅರಿಯುವುದು.

ಈ ಅಳತೆಗೋಲನ್ನು ಹಿಡಿದು ನೋಡಿದರೆ ನಮ್ಮ ಅನೇಕ ಕಾಣಿಕೆಗಳು ತಪ್ಪುತ್ತವೆ. ಹಬ್ಬದ ದಿನ ಮಮತೆಯಿಂದ ಎತ್ತಿಗೆ ಹೋಳಿಗೆ, ಅನ್ನ, ಹುಗ್ಗಿಗಳನ್ನು ಮಿತಿಮೀರಿ ತಿನ್ನಿಸಿದರೆ ಅದರ ಮೊದಲ ಹೊಟ್ಟೆಯಲ್ಲಿ ಆಮ್ಲ ಹೆಚ್ಚಿ, ಹೊಟ್ಟೆಯುಬ್ಬರ ಬಂದು, ಪ್ರಾಣಕ್ಕೇ ಅಪಾಯವಾಗಬಹುದು. ಹುಲ್ಲನ್ನು ಮೆಲುಕು ಹಾಕಲೆಂದು ನಿರ್ಮಿತವಾದ ಹೊಟ್ಟೆ ಅದು. ಕೊಂಬಿನ ಹೊರಗಿನ ಪದರು ಉಗುರಿನಂತಿದ್ದರೂ ಒಳಗೆ ರಕ್ತ ಹರಿಯುವ ಜೀವಂತ ಎಲುಬಿದೆ; ನುಣುಪಾಗಲೆಂದು ಆಳವಾಗಿ ಹೆರೆದರೆ ನೋಯುತ್ತದೆ. ಸಿಂಗಾರದ ಪ್ಲಾಸ್ಟಿಕ್ಕು ನೆಲಕ್ಕೆ ಬಿದ್ದು ದನದ ಹೊಟ್ಟೆ ಸೇರಿದರೆ ಅಲ್ಲಿಯೇ ಉಳಿಯುತ್ತದೆ. ಪಟ್ಟಣದ ಮನೆಗಳಲ್ಲಿಯೂ ಹಾಗೆಯೇ. ದ್ರಾಕ್ಷಿ ಹಾಕಿದ ಪಾಯಸ ನಮಗೆ ಪ್ರಸಾದ, ನಾಯಿಗೆ ಮೂತ್ರಪಿಂಡವನ್ನು ಕೆಡಿಸಬಲ್ಲ ವಿಷ. ಚಾಕಲೇಟೂ ಅದಕ್ಕೆ ವಿಷವೇ. ನಾಯಿಯ ಕಿವಿ ನಮ್ಮ ಕಿವಿಗಿಂತ ಬಹಳ ಸೂಕ್ಷ್ಮ. ದೀಪಾವಳಿಯ ದಿನ ಅದಕ್ಕೆ ಹೊಸ ಅಂಗಿ ತೊಡಿಸಿ, ಮರುಗಳಿಗೆಯಲ್ಲಿ ಅದರ ಪಕ್ಕದಲ್ಲಿಯೇ ಪಟಾಕಿ ಸುಟ್ಟರೆ ಆ ಅಂಗಿ ಯಾರಿಗೆ ಕೊಟ್ಟಂತಾಯಿತು? ಆ ಸಂಜೆ ಸದ್ದಿಲ್ಲದ ಒಂದು ಮೂಲೆಯೇ ಅದಕ್ಕೆ ತಕ್ಕ ಉಡುಗೊರೆ.

ಈ ವಿಚಾರದಲ್ಲಿ ರಾಜ್ಯಶಾಸನವೂ ಕಣ್ಣು ಮುಚ್ಚಿಲ್ಲ. ಜೀವಿಗಳಲ್ಲಿ ದಯೆ ತೋರುವುದು ನಾಗರಿಕನ ಕರ್ತವ್ಯವೆಂಬ ಮಾತು 1976ರಲ್ಲಿ ನಮ್ಮ ಸಂವಿಧಾನವನ್ನು ಸೇರಿತು. ಎತ್ತುಗಳ ಓಟದ ಬಗ್ಗೆ ಸರ್ವೋಚ್ಚ ನ್ಯಾಯಾಲಯವು 2014ರಲ್ಲಿ ಕೊಟ್ಟ ತೀರ್ಪಿನಲ್ಲಿ ಹಸಿವೆ, ನೋವು, ಭಯಗಳಿಂದ ಮುಕ್ತವಾಗಿರುವುದು ಪ್ರಾಣಿಗಳಿಗೂ ಸಲ್ಲಬೇಕೆಂದಿತು. ಅನಂತರ ಕರ್ನಾಟಕವು ತಂದ ತಿದ್ದುಪಡಿಯನ್ನು 2023ರಲ್ಲಿ ಅದೇ ನ್ಯಾಯಾಲಯವು ಎತ್ತಿಹಿಡಿದುದರಿಂದ ಕಂಬಳ, ಗಾಡಿ ಓಟಗಳು ನಡೆಯಬಹುದು. ಆದರೆ ಎತ್ತಿನ ಬಾಲ ತಿರುಚಿ, ಬಾರುಕೋಲಿನಿಂದ ಬಡಿದು ಕರಿ ಹರಿದ ಮನೆಯವರು ಅಂದು ಬೆಳಗ್ಗೆ ಹೊದಿಸಿದ ಜೂಲು ಆ ಬಾಸುಂಡೆಗಳನ್ನು ಮುಚ್ಚುವ ಬಟ್ಟೆಯಾದೀತೇ ಹೊರತು ಕಾಣಿಕೆಯಾಗದು.

ಇಷ್ಟು ಹೇಳಿದುದರಿಂದ ಗೊಂಡೆ ಗೆಜ್ಜೆಗಳು ಬೇಡವೆಂದು ಓದುಗರು ಭಾವಿಸಬಾರದು. ಎತ್ತಿಗೆ ಬಣ್ಣ ಕಾಣಿಸದಿರಬಹುದು. ಬಣ್ಣ ಬಳಿಯುವ ಕೈಯ ಸ್ಪರ್ಶ ತಿಳಿಯುತ್ತದೆ. ಮೈ ತೊಳೆಸಿಕೊಂಡ ಹಿತ, ನೊಗವಿಲ್ಲದ ದಿನದ ವಿಶ್ರಾಂತಿ ತಿಳಿಯುತ್ತದೆ. ಗೆಜ್ಜೆಯಿಂದ ಪ್ರಯೋಜನ ಎತ್ತಿಗಿಂತ ನಮಗೇ ಹೆಚ್ಚು. ಅದು ನಮ್ಮ ಋಣವನ್ನು ನಮಗೇ ಕೇಳಿಸುವ ಸದ್ದು. ಮಗುವೊಂದು ಎತ್ತಿನ ಹಣೆಗೆ ಗೊಂಡೆ ಕಟ್ಟುವಾಗ, ಇದು ವಸ್ತುವಲ್ಲ, ಮನೆಯ ಒಂದು ಜೀವ ಎಂಬ ಪಾಠವನ್ನು ಪುಸ್ತಕವಿಲ್ಲದೆ ಕಲಿಯುತ್ತದೆ. ಆ ಪಾಠ ಹುಣ್ಣಿಮೆಯ ಮರುದಿನವೂ ಉಳಿಯಿತೇ ಎಂಬುದಷ್ಟೇ ಪರೀಕ್ಷೆ. ಮನೆಗಳಲ್ಲಿ ವೈಶ್ವದೇವದ ಬಲಿ, ಗೋಗ್ರಾಸಗಳನ್ನು ಹಿರಿಯರು ದಿನನಿತ್ಯದ ವಿಧಿಯಾಗಿ ಇಟ್ಟುದೂ ಇದಕ್ಕಾಗಿಯೇ. ವರ್ಷಕ್ಕೊಂದು ದಿನದ ಪ್ರೀತಿಯನ್ನು ದಿನದಿನದ ಒಂದು ತುತ್ತು ಪರೀಕ್ಷಿಸುತ್ತದೆ.

ಇಂದು ನಮ್ಮ ಸೀಮೆಯಲ್ಲಿ ಎತ್ತುಗಳಿರುವ ಮನೆಗಳು ವಿರಳವಾಗಿವೆ. ಹೊಲಗಳಲ್ಲಿ ಟ್ರ್ಯಾಕ್ಟರುಗಳ ಸದ್ದು. ಕಲ್ಲುಗಣಿ ಮತ್ತು ಸಿಮೆಂಟು ಕಾರ್ಖಾನೆಗಳ ಲಾರಿಗಳು ವಾಡಿ, ಶಹಾಬಾದುಗಳ ರಸ್ತೆಗಳನ್ನು ತುಂಬಿವೆ. ಎತ್ತಿಲ್ಲದ ಮನೆಯವರು ಕಾರ ಹುಣ್ಣಿಮೆಯಂದು ಏನು ಮಾಡಬೇಕೆಂದು ಕೇಳಬಹುದು. ಗೊಂಡೆಗೆ ವೆಚ್ಚವಾಗುತ್ತಿದ್ದ ಹಣದಿಂದ ಒಂದು ಹೊರೆ ಮೇವನ್ನು ಕೊಂಡು ಹತ್ತಿರದ ಗೋಶಾಲೆಗೋ, ಮುದಿಯೆತ್ತನ್ನು ಮಾರದೆ ಉಳಿಸಿಕೊಂಡಿರುವ ನೆರೆಯ ರೈತನ ಕೊಟ್ಟಿಗೆಗೋ ಕೊಡಬಹುದು. ಬೇಸಿಗೆಯಲ್ಲಿ ಬಾಗಿಲ ಮುಂದೆ ಒಂದು ಕಲ್ಲುಬಾನಿಯಲ್ಲಿ ನೀರಿಡಬಹುದು. ಶಹಾಬಾದಿ ಕಲ್ಲಿಗೆ ನಮ್ಮಲ್ಲಿ ಕೊರತೆಯಿಲ್ಲ.

ನಮ್ಮ ತಂದೆಯವರು ಆ ಗೆಜ್ಜೆಸರವನ್ನು ಮತ್ತೆ ಯಾವ ಎತ್ತಿಗೂ ಕಟ್ಟಲಿಲ್ಲ. ಅದರ ಮುಂದಿನ ವರ್ಷಗಳಲ್ಲಿ ನಮ್ಮ ಕೊಟ್ಟಿಗೆಯ ಬಲಗಡೆಯ ಎತ್ತೂ ಮುದಿಯಾಯಿತು. ಅದನ್ನು ಅವರು ಮಾರಲಿಲ್ಲ. ಕೆಲಸ ಬಿಡಿಸಿದ ಮೇಲೆಯೂ ನಾಲ್ಕು ವರ್ಷ ಅದು ನಮ್ಮ ಬೇವಿನ ಮರದ ಕೆಳಗೆ ಮೇಯುತ್ತ ಬದುಕಿತು. ಆ ನಾಲ್ಕು ಕಾರ ಹುಣ್ಣಿಮೆಗಳಲ್ಲಿ ತಂದೆಯವರು ಅದಕ್ಕೆ ಕೊಂಡದ್ದು ಒಂದು ಹೊಸ ಹಗ್ಗ ಮತ್ತು ಅಚ್ಚೇರು ಎಣ್ಣೆ ಮಾತ್ರ. ಕರಿ ಹರಿಯಲು ಅದನ್ನು ಹೊಡೆದುಕೊಂಡು ಹೋಗಲಿಲ್ಲವಾದುದರಿಂದ ಊರವರು ಅದರ ಸಿಂಗಾರವನ್ನು ನೋಡಲೂ ಇಲ್ಲ, ಹೊಗಳಲೂ ಇಲ್ಲ. ಹೆಗಲಿಗೆ ಎಣ್ಣೆ ತಿಕ್ಕುತ್ತ ಅವರು ಮೆಲ್ಲನೆ ಟೀಕಾಚಾರ್ಯರ ಸ್ತೋತ್ರ ಹೇಳಿಕೊಳ್ಳುತ್ತಿದ್ದುದು ಮಾತ್ರ ನಮಗೆ ನೆನಪಿದೆ. ಎತ್ತು ಕಿವಿಯಾಡಿಸುತ್ತಿತ್ತು. ಅದಕ್ಕೇನು ತಿಳಿಯಿತೋ ನಾವು ಬಲ್ಲೆವಾದರೆ ತಾನೆ?

ಶ್ರೀಕೃಷ್ಣಾರ್ಪಣಮಸ್ತು